ಮಾಲೆ ಹಾಕಿದ ಫೋಟೋ

ಇಂಡಿ ತಾಲೂಕಿನಲ್ಲಿ ಹುಟ್ಟಿ ಬೆಳೆದ ನನಗೆ ನನ್ನ ಸಿನಿಮಾದ ಅವ್ವನ ಪಾತ್ರಕ್ಕೆ ನಮ್ಮ ಕಡೆಯ ಹೆಂಗಸೇ ಬೇಕಿತ್ತು. ಸಣ್ಣ ಸಿನಿಮಾ, ಊರೂರು ತಿರುಗಿ ಹುಡುಕಲು ಪುರುಸೊತ್ತಿಲ್ಲ. ಹೀಗಾಗಿ ಕಲಾವಿದರನ್ನು ಒದಗಿಸುವ ಒಬ್ಬ ಏಜೆಂಟನಿಗೆ ಜೋತುಬಿದ್ದೆ. ಆತ ಮೊಬೈಲಿಗೆ ಕಳಿಸಿದ್ದೆಲ್ಲ ಧಾರಾವಾಹಿಯ ಅತ್ತೆಯರ ಮುಖಗಳು; ರೊಟ್ಟಿ ಬಡಿಯಲು ಕೂರಿಸಿದರೆ ಜೋಳದ ಹಿಟ್ಟೇ ಹೆದರಬೇಕು. ನಾಟಕದ ಅಳು ಬೇಡ, ನಿಜವಾದ ಅಳು ಬೇಕು ಎಂದು ನಾನು ರೇಗಿದ ಮೇಲೆ ಬಸವನ ಬಾಗೇವಾಡಿಯ ಹವ್ಯಾಸಿ ನಟಿಯೊಬ್ಬರ ವಿಡಿಯೋ ಕಳಿಸಿದ. ಅವರು ಎರಡು ಮಾತಾಡಿದ್ದೇ ತಡ, ಇವರಿಲ್ಲದೆ ಈ ಸಿನಿಮಾ ಇಲ್ಲ ಎಂದು ತೀರ್ಮಾನಿಸಿಬಿಟ್ಟೆ.

ಪಾತ್ರ ಗಂಡ ಸತ್ತವಳದು. ಗೋಡೆಗೆ ತೂಗುಹಾಕಲು ಆ ಗಂಡನದೊಂದು ಫೋಟೋ ಬೇಕಿತ್ತು. ಅದನ್ನೂ ಏಜೆಂಟನಿಗೇ ಹೇಳಿದೆ.

"ನಮ್ಮ ಹಳೇ ಕಲಾವಿದ್ರದೊಂದು ಐತ್ರಿ. ಅವರ ಒಪ್ಪಿಗಿನೂ ಐತಿ" ಎಂದ.

ಬಂದದ್ದು ತಲೆಗೆ ಪಟಕಾ ಸುತ್ತಿದ, ಮೀಸೆಯಡಿ ನಗುವ ಗಂಡಸಿನ ಫೋಟೋ. ಶೂಟಿಂಗಿಗೆ ಹಿಡಿದಿದ್ದ ಕನ್ನೊಳ್ಳಿಯ ಮನೆಯ ಪಡಸಾಲೆಯಲ್ಲಿ ಅದನ್ನು ತೂಗುಹಾಕಿ, ವಿಭೂತಿ ಹಚ್ಚಿ, ಮಾಲೆ ಹಾಕಿ, ಊದಿನಕಡ್ಡಿ ಹೊತ್ತಿಸಿದೆವು.

ಬೆಳಗ್ಗೆ ಆ ತಾಯಿ ಬಂದರು. ಹಿಂದೆ ಬುತ್ತಿ ಹಿಡಿದುಕೊಂಡು ಅವರ ಯಜಮಾನರು. ಅವರ ಮುಖ ನೋಡಿದೆ, ಗೋಡೆ ನೋಡಿದೆ. ಅದೇ ಪಟಕಾ, ಅದೇ ಮೀಸೆ.

ಫೋಟೋ ಮುಚ್ಚಲು ನಾನು ಓಡುವಷ್ಟರಲ್ಲಿ ಆ ತಾಯಿ ನೋಡಿಯಾಗಿತ್ತು. ಅಳಲಿಲ್ಲ, ಚೀರಲಿಲ್ಲ. ಸ್ಟೂಲು ಹತ್ತಿ ಮಾಲೆ ಕಿತ್ತೆಸೆದರು. ಫೋಟೋ ಇಳಿಸಿ ಗಾಜಿನ ಮೇಲಿನ ವಿಭೂತಿಯನ್ನು ಸೆರಗಿನಿಂದ ತಿಕ್ಕಿ ತಿಕ್ಕಿ ಒರೆಸಿದರು. ಯಜಮಾನರು ಊದಿನಕಡ್ಡಿಯ ಹೊಗೆಯನ್ನೇ ನೋಡುತ್ತ ನಿಂತುಬಿಟ್ಟಿದ್ದರು.

"ಗಂಡ ಸತ್ತಾಕಿ ಪಾರ್ಟು ಎಷ್ಟ ಸಲ ಬೇಕಾದ್ರೂ ಮಾಡ್ತೇನ್ರಿ ಸರ. ಅದು ಪಾರ್ಟು. ಇವ್ರು ನಮ್ಮ ಮನಿಯವ್ರು."

ನನಗೆ ಗೊತ್ತಿರಲಿಲ್ಲ ಎಂದು ಪರಿಪರಿಯಾಗಿ ಹೇಳಿದೆ. ಕಾಲು ಹಿಡಿಯುವುದೊಂದು ಬಾಕಿ. ಅವರು ಕೇಳಿಸಿಕೊಳ್ಳಲಿಲ್ಲ. ಫೋಟೋವನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಗಂಡನ ಕೈ ಹಿಡಿದು, ಸಿಂದಗಿಯ ಬಸ್ಸು ಹತ್ತಿದರು. ನನ್ನ ಸಿನಿಮಾದ ಅವ್ವ ಹೊರಟೇಹೋದಳು.

ಏಜೆಂಟನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಎಂಥಾ ಎಡವಟ್ಟು ಮಾಡಿದ್ಯೋ ಎಂದರೆ ಆತ ನಕ್ಕ.

"ಎಡವಟ್ಟು ಅಲ್ರಿ ಸರ, ಬೇಕಂತನ ಕಳಿಸೇನಿ. ನಾಟಕದ ಅಳು ಬ್ಯಾಡ, ಖರೇ ಅಳು ಬೇಕಂತ ನೀವ ಅಂದಿದ್ರಲ್ಲ?"

ಇಂಥವನೂ ಇರುತ್ತಾನೆಯೇ ಎಂದು ಫೋನನ್ನೇ ನೋಡಿದೆ. ಆತ ಕೇಳುತ್ತಲೇ ಇದ್ದ:

"ಅದೆಲ್ಲ ಇರ್ಲಿ ಸರ, ಆಕಿ ನೋಡೂಮುಂದ ಕ್ಯಾಮೆರಾ ಚಾಲೂ ಇತ್ತೇನ್ರಿ?"