ಹೂವಿನಡಿಯ ಪ್ಲಗ್

ದೆವ್ವ, ಪವಾಡ, ಕಾಣದ ಕೈ ಎಂದು ಯಾರಾದರೂ ಕಥೆ ಶುರುಮಾಡಿದರೆ ಮೊಬೈಲ್ ತೆಗೆದು ನೋಡುತ್ತಾ ಕೂರುವ ಪೈಕಿ ನಾನು. ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ನೀರು ಸೋರಿದರೆ ಎಲ್ಲೋ ತೂತಿರುತ್ತದೆ, ತೂತು ಮುಚ್ಚಿದರೆ ಸೋರುವುದು ನಿಲ್ಲುತ್ತದೆ, ಅಷ್ಟೇ ನನ್ನ ವೇದಾಂತ. ಈಗ ಬರೆಯುತ್ತಿರುವುದನ್ನು ನೀವು ನಂಬಲೇಬೇಕೆಂದು ಹಟವಿಲ್ಲ. ನನಗೇ ಇನ್ನೂ ಸರಿಯಾಗಿ ನಂಬಲಾಗಿಲ್ಲ.

ನಾನಿರುವುದು ಲಾಸ್ ಏಂಜಲೀಸ್ ಕಡೆ, ಅಕ್ಕ-ಭಾವ ಸ್ಯಾನ್ ಡಿಯಾಗೋದಲ್ಲಿ. ಕೋವಿಡ್ ಕಾಲದಲ್ಲಿ ಮನೆಯೊಳಗೆ ಕೂತು ಕೂತು ಬೇಸತ್ತ ಭಾವ ಒಂದು ಹಳೆಯ ಜೆಟ್ ಬೋಟ್ ಕೊಂಡಿದ್ದರು. ಅದು ಹೊಟ್ಟೆಯಡಿಯಿಂದ ನೀರು ಎಳೆದುಕೊಂಡು ಹಿಂದಕ್ಕೆ ರಭಸವಾಗಿ ಉಗುಳುತ್ತಾ ಓಡುತ್ತದೆ. ಓಡುವುದಕ್ಕಿಂತ ಕೆಟ್ಟು ನಿಲ್ಲುತ್ತಿದ್ದುದೇ ಹೆಚ್ಚು. ನಾನು ಹೋದಾಗಲೆಲ್ಲ ಭಾವ ಕಾಫಿಗಿಂತ ಮೊದಲು ಸ್ಪ್ಯಾನರ್ ಕೈಗೆ ಕೊಡುತ್ತಿದ್ದರು.

ಆ ವರ್ಷ ಆಯುಧಪೂಜೆಗೆ ಆರ್ಟೀಸಿಯಾದ ಇಂಡಿಯನ್ ಅಂಗಡಿಗಳಿಂದ ಬೂದುಗುಂಬಳ, ಸೇವಂತಿಗೆ ತೆಗೆದುಕೊಂಡು ಹೋದೆ. ಕಾರುಗಳ ಜೊತೆ ಬೋಟನ್ನೂ ತೊಳೆದೆವು. ಒಳಗೆ ನಿಂತ ನೀರು ಹರಿದುಹೋಗಲಿ ಎಂದು ಭಾವ ಹಿಂಬದಿಯ ತಳದ ತೂತಿಗೆ ಹಾಕಿದ್ದ ಹಿತ್ತಾಳೆಯ ಪ್ಲಗ್ ಬಿಚ್ಚಿದರು. ಅಕ್ಕ ಅದನ್ನೂ ಬಿಡಲಿಲ್ಲ. ಸ್ಪ್ಯಾನರ್, ಸ್ಕ್ರೂಡ್ರೈವರ್‌ಗಳ ಜೊತೆ ತಟ್ಟೆಯಲ್ಲಿ ಜೋಡಿಸಿ, ದೇವರ ಮುಂದಿಟ್ಟು, ಕುಂಕುಮ ಹಚ್ಚಿ ಹೂವು ಏರಿಸಿದಳು. ಪೂಜೆಗಿಟ್ಟದ್ದನ್ನು ಅವತ್ತು ಮುಟ್ಟುವ ಹಾಗಿಲ್ಲ. ಮಾರನೆಯ ದಿನ ವಿಜಯದಶಮಿ. ಮಂಗಳಾರತಿ ಮುಗಿಸಿ, ಸಾಮಾನುಗಳನ್ನು ಚೀಲಕ್ಕೆ ತುಂಬಿಕೊಂಡು ಮೂವರೂ ಸಮುದ್ರಕ್ಕಿಳಿದೆವು. ಅಕ್ಕನಿಗೆ ಈಜು ಬರುವುದಿಲ್ಲ. ಲೈಫ್ ಜಾಕೆಟ್ಟಿನೊಳಗೆ ಮುದುಡಿಕೊಂಡು ಚಿತ್ರಾನ್ನದ ಡಬ್ಬಿ ತಬ್ಬಿ ಕೂತಿದ್ದಳು.

ಲಾ ಹೋಯಾ ತೀರದ ಹತ್ತಿರ ಬರುವಷ್ಟರಲ್ಲಿ, ಹಾಡುಹಗಲೇ, ಮಂಜು ಕವಿದು ದಡ ಕಾಣದಾಯಿತು. ಇಂಜಿನ್ ಅರಚುತ್ತಿದ್ದರೂ ಬೋಟು ಮುಂದೆ ಹೋಗುತ್ತಿಲ್ಲ. ನೀರು ಎಳೆಯುವ ಬಾಯಿಗೆ ಕಡಲಪಾಚಿ ಸಿಕ್ಕಿಕೊಂಡಿತ್ತು. ಇಂಜಿನ್ ಆಫ್ ಮಾಡಿಸಿ, ಬೋಟಿನೊಳಗಿಂದಲೇ ಅದರ ಮುಚ್ಚಳ ತೆಗೆದು, ಹಗ್ಗದಂಥ ಪಾಚಿಯನ್ನು ಹಿಡಿಹಿಡಿಯಾಗಿ ಎಳೆದು ಬಿಸಾಡಿದೆ. ಭಾವ ಕೀ ತಿರುಗಿಸಿದರು. ಟಕ್ ಎಂದಿತು, ಅಷ್ಟೇ. ಇಂಜಿನ್ ಮೇಲಿನ ಬಾಗಿಲು ಎತ್ತಿ ನೋಡಿದರೆ ಒಳಗೆಲ್ಲ ನೀರು.

ತಳದಲ್ಲಿ ಸೇರಿದ ನೀರೆತ್ತುವ ಪುಟ್ಟ ಪಂಪು ಅದನ್ನು ಹೊರಗೆ ಹಾಕುತ್ತಲೇ ಇತ್ತು, ನೀರು ಏರುತ್ತಲೇ ಇತ್ತು. ತಳ ಎಲ್ಲಿ ಬಿರುಕು ಬಿಟ್ಟಿದೆಯೋ ಎಂದು ಟಾರ್ಚ್ ಹಿಡಿದು ಹುಡುಕಿದೆ. ಆಗ ಹೊಳೆಯಿತು. ಪ್ಲಗ್ ಹಾಕಿದ್ರಾ ಎಂದು ಭಾವನನ್ನು ಕೇಳಿದೆ. ನಾನು ಹಾಕಿದ್ದೇನೆ ಎಂದು ಅವರೂ, ಅವರು ಹಾಕಿದ್ದಾರೆ ಎಂದು ನಾನೂ ಅಂದುಕೊಂಡಿದ್ದೆವು.

"ತಟ್ಟೇಲೇ ಉಳೀತು ಕಣೋ," ಎಂದಳು ಅಕ್ಕ. "ಹೂವಿನಡಿ ಇತ್ತು, ತೆಗೀಲಿಲ್ಲ."

ಭಾವ ರೇಡಿಯೋದಲ್ಲಿ ಸಹಾಯ ಕೇಳಿದರು. ಮಂಜಿರುವುದರಿಂದ ತಡವಾಗಬಹುದು ಎಂದು ಉತ್ತರ ಬಂತು. ಬೋಟಿನ ಹಿಂಬದಿ ಆಗಲೇ ಕುಸಿಯುತ್ತಿತ್ತು. ಆ ತಣ್ಣೀರಿನಲ್ಲಿ ಅಕ್ಕ ಎಷ್ಟು ಹೊತ್ತು ತಾಳುತ್ತಾಳೆ ಎಂಬುದೊಂದೇ ನನ್ನ ತಲೆಯಲ್ಲಿ. ಅವಳ ವೇಲ್ ಕಿತ್ತುಕೊಂಡು ಮುದ್ದೆ ಮಾಡಿ, ತೂತಿಗೆ ತುರುಕಲೆಂದು ಬೋರಲು ಮಲಗಿ, ಭುಜದವರೆಗೆ ಕೈ ಇಳಿಸಿದೆ.

ತೂತು ಸಿಕ್ಕಿತು. ಆದರೆ ಬೆರಳು ಅದರೊಳಗೆ ಹೋಗಲಿಲ್ಲ. ದುಂಡಗಿನ, ನುಣ್ಣನೆಯ, ಗಟ್ಟಿ ಲೋಹ ಅಡ್ಡ ಕೂತಿತ್ತು. ಬಲವಾಗಿ ಒತ್ತಿದೆ. ಅಲುಗಲಿಲ್ಲ. ಕೈ ಹೊರಗೆ ತೆಗೆದು ನೋಡುತ್ತಾ ಕೂತೆ. ನೀರು ಏರುವುದು ನಿಂತಿತು, ಆಮೇಲೆ ಇಳಿಯತೊಡಗಿತು. ಕೊನೆಗೆ ಇಂಜಿನ್ ಸ್ಟಾರ್ಟ್ ಆಯಿತು. ಸಹಾಯ ಬೇಡವೆಂದು ತಿಳಿಸಿ, ಜಿಪಿಎಸ್ ನೋಡಿಕೊಂಡು ವಾಪಸ್ ಬಂದೆವು.

ದಡದಲ್ಲಿ ಬೋಟನ್ನು ಟ್ರೈಲರ್‌ಗೆ ಏರಿಸಿ ಹೊರಗೆಳೆದಾಗ ಹಿಂಬದಿಯ ತೂತಿನಿಂದ ನೀರು ನಲ್ಲಿ ಬಿಟ್ಟ ಹಾಗೆ ಸುರಿಯಿತು. ಬೆರಳು ಹಾಕಿದೆ. ಸಲೀಸಾಗಿ ಒಳಗೆ ಹೋಯಿತು. ಪಾಚಿಯ ಗಡ್ಡೆ ಸಿಕ್ಕಿಕೊಂಡಿದ್ದು ಈಗ ಕಳಚಿ ಬಿದ್ದಿರಬೇಕು ಎಂದರು ಭಾವ. ಇರಬಹುದು. ಆದರೆ ನಾನು ಪಾಚಿಯನ್ನೂ ಮುಟ್ಟಿದ್ದೆ, ತೂತಿಗೆ ಅಡ್ಡ ಕೂತಿದ್ದುದನ್ನೂ ಮುಟ್ಟಿದ್ದೆ.

ಮನೆಗೆ ಬಂದವನೇ ಸ್ನಾನ ಮಾಡಿ, ದೇವರ ಕೋಣೆಗೆ ಹೋಗಿ ಹೂವು ಸರಿಸಿದೆ. ಹೂವು ಒಣಗಿತ್ತು, ತಟ್ಟೆಯೂ ಒಣಗಿತ್ತು. ಪ್ಲಗ್ ಅಲ್ಲೇ ಇತ್ತು. ಒದ್ದೆಯಾಗಿತ್ತು. ಅದರ ಮೇಲಿನ ಕುಂಕುಮ ಇರಲಿಲ್ಲ. ನಾಲಿಗೆಗೆ ತಾಗಿಸಿ ನೋಡಿದೆ. ಉಪ್ಪು.

ಬಾಗಿಲಲ್ಲಿ ನಿಂತಿದ್ದ ಅಕ್ಕ ಏನೆಂದು ಕೇಳಿದಳು. ಏನಿಲ್ಲ ಎಂದು ಹೂವನ್ನು ಮತ್ತೆ ಮುಚ್ಚಿದೆ. ಭಾವ ಬೇರೆ ಪ್ಲಗ್ ತಂದರು. ಹಳೆಯದು ಇಂದಿಗೂ ಅವಳ ದೇವರ ಕೋಣೆಯಲ್ಲಿದೆ. ಪ್ರತಿ ವರ್ಷ ಅದಕ್ಕೆ ಕುಂಕುಮ ಹಚ್ಚುವವನು ನಾನೇ.