ಕರಿ ಟೇಪಿನ ಕೆಳಗೊಂದು ಏರ್‌ಬ್ಯಾಗ್ ದೀಪ

ಬಾವನ ಕಾರಿನ ಮೀಟರಿನ ಮೇಲೆ ಬೆರಳ ತುದಿಯಷ್ಟು ಕರಿ ಟೇಪ್ ಅಂಟಿತ್ತು. ಗಾಜು ಬಿರುಕು ಬಿಟ್ಟಿದೆಯೇನೋ ಎಂದು ಉಗುರಿನಿಂದ ಎಬ್ಬಿಸಿದೆ. ಕೆಳಗೆ ಕೆಂಪು ದೀಪ. ಅದರಲ್ಲಿ ಸೀಟಿನಲ್ಲಿ ಕುಳಿತ ಮನುಷ್ಯನ ಚಿತ್ರ, ಅವನೆದುರು ಒಂದು ಚೆಂಡು. ಏರ್‌ಬ್ಯಾಗ್ ಎಚ್ಚರಿಕೆ.

“ಅದ್ಯಾಕ್ಲಾ ಕಿತ್ತೆ?” ಅಂದರು ಬಾವ. “ಕತ್ತಲಾದ್ರೆ ಕಣ್ಣಿಗೆ ಒಡೀತದೆ ಅಂತ ಅಂಟ್ಸಿದ್ದೆ.”

“ಯಾವಾಗಿಂದ ಉರೀತಿದೆ ಬಾವ?”

“ಒಂದು ತಿಂಗ್ಳಾಗಿರ್ಬೇಕು. ವಂಡಿ ಚೆನ್ನಾಗೇ ಓಡ್ತೈತೆ. ಪರವಾಯಿಲ್ಲೆ ಬಿಡು.”

ಓಡುತ್ತದೆ, ನಿಜ. ಆದರೆ ಇದು ಓಡುವುದಕ್ಕೆ ಸಂಬಂಧಿಸಿದ ದೀಪವೇ ಅಲ್ಲ. ಗುದ್ದಿದಾಗ ಏನಾಗುತ್ತದೆ ಎನ್ನುವುದಕ್ಕೆ ಸಂಬಂಧಿಸಿದ್ದು. ಇದು ಉರಿಯುತ್ತಲೇ ಇದ್ದರೆ, ಬೇಕಾದ ಹೊತ್ತಿನಲ್ಲಿ ಏರ್‌ಬ್ಯಾಗ್ ತೆರೆಯದೇ ಹೋಗಬಹುದು.

ಅಕ್ಕನ ಮನೆ ಪಾಲಕೋಡ್ ಹತ್ತಿರದ ಹಳ್ಳಿಯಲ್ಲಿದೆ. ಕಳೆದ ವಾರ ನಾನು ಸೇಲಂನಿಂದ ಅಲ್ಲಿಗೆ ಹೋಗಿದ್ದೆ. ಅಕ್ಕನ ಮಗಳು ಕಮಲಾ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಎಂಟನೇ ತಿಂಗಳು. ಮರುದಿನ ಅವಳನ್ನು ಇದೇ ಕಾರಿನಲ್ಲಿ ಸೇಲಂ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಹಿಂದೆ ಕುಳಿತರೆ ವಾಂತಿ, ಹಾಗಾಗಿ ಮುಂದಿನ ಸೀಟೇ ಅವಳದು. ದಾರಿಯಲ್ಲಿ ಅಪಘಾತಗಳಿಗೆ ಹೆಸರಾದ ತೊಪ್ಪೂರು ಘಾಟಿ ಇಳಿಯಬೇಕು. ಆ ಇಳಿಜಾರಿನಲ್ಲಿ ಲಾರಿಗಳ ಹಿಂದೆ ಹೋದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ.

“ಈ ದೀಪ ಆರದೆ ಕಮಲಾ ಈ ಕಾರು ಹತ್ತಲ್ಲ,” ಎಂದೆ.

“ಆಗ್ಲೇ ತೋರ್ಸಿದ್ದೀನಿ ಕಣಪ್ಪಾ. ಎಲೆಕ್ಟ್ರಿಷಿಯನ್ ಒಬ್ಬ ಬಲ್ಬೇ ಕಿತ್ತಾಕ್ತೀನಿ ಅಂದ. ಟೇಪೇ ಸಾಕು ಅಂತ ನಾನೇ ಬೇಡ ಅಂದೆ.”

(ಜ್ವರ ಬಂದರೆ ಥರ್ಮಾಮೀಟರ್ ಮುರಿಯುವ ವೈದ್ಯ ಸಿಕ್ಕಿದರೆ ನೀವು ಮತ್ತೆ ಹೋಗುತ್ತೀರಾ?)

ಪಾಲಕೋಡ್‌ನ ವರ್ಕ್‌ಶಾಪಿಗೆ ಹೊರಟೆವು. ತರಕಾರಿ ತರುವುದಿದೆ ಎಂದು ಅಕ್ಕನೂ ಬಂದಳು. ಮೆಕ್ಯಾನಿಕ್ ಸೆಲ್ವಂ ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿದ. ಪಕ್ಕದ ಸೀಟಿನ ಕೆಳಗೆ ಎಲ್ಲೋ ಕನೆಕ್ಷನ್ ಬಿಟ್ಟಿದೆ ಎಂದು ಸ್ಕ್ರೀನ್ ಹೇಳಿತು.

“ಅದನ್ನ ಅಳ್ಸಿಬಿಡಪ್ಪಾ, ಓಗಾಣ,” ಅಂದರು ಬಾವ.

“ಅಳಿಚ್ಚಾ ತಿರುಂಬ ವರುಮ್ ಅಣ್ಣೇ,” ಎಂದ ಸೆಲ್ವಂ. ಅಳಿಸಿದರೆ ಮತ್ತೆ ಬರುತ್ತದೆ.

ಬ್ಯಾಟರಿ ವಯರ್ ಬಿಚ್ಚಿ ಸ್ವಲ್ಪ ಹೊತ್ತು ಬಿಟ್ಟ. (ಇದನ್ನು ಮಾಡದೆ ಏರ್‌ಬ್ಯಾಗ್ ವಯರಿಗೆ ಕೈ ಹಾಕುವಂತಿಲ್ಲ. ನೀವು ಮನೆಯಲ್ಲಿ ಪ್ರಯೋಗಕ್ಕೆ ಇಳಿಯಬೇಡಿ.) ಸೀಟು ಹಿಂದಕ್ಕೆ ಸರಿಸಿ ಟಾರ್ಚ್ ಬಿಟ್ಟರೆ, ಹಳದಿ ವಯರಿನ ಸಾಕೆಟ್ ಅರ್ಧ ಹೊರಗೆ ಬಂದಿದೆ. ವಯರಿಗೆ ಒಂದು ಗಂಟು. ಗಂಟಿನಿಂದ ನೇತಾಡುವ ಮೋಟು ಉಣ್ಣೆ ಹಗ್ಗ.

ಅಕ್ಕ ಬಗ್ಗಿ ನೋಡಿದಳು. “ಅಯ್ಯೋ, ಇದು ನಮ್ ಕುರಿಮರಿ ಹಗ್ಗ!”

ಬಾವ ರಸ್ತೆಯ ಕಡೆ ತಿರುಗಿ ನಿಂತರು.

ವಿಷಯ ಇಷ್ಟು. ಬಾವನ ಕುರಿಮಂದೆ ಈಗ ಕೊಳತ್ತೂರು ಕಡೆಯ ಹೊಲಗಳಲ್ಲಿ ಬೀಡುಬಿಟ್ಟಿದೆ. ತಾಯಿಯ ಹಾಲು ಸಾಲದ ಮರಿಗಳನ್ನು ಅವರು ಕಾರಿನಲ್ಲಿ ಮನೆಗೆ ತಂದು ಬಾಟಲಿ ಹಾಲು ಕುಡಿಸಿ ಬೆಳೆಸುತ್ತಾರೆ. ಮರಿ ಬರುವುದು ಪಕ್ಕದ ಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿ. ಹಗ್ಗ ಕಟ್ಟಿದ್ದು ಸೀಟಿನ ಅಡಿಯ ವಯರಿಗೆ. ಮರಿ ಜಗ್ಗಿದಷ್ಟೂ ಸಾಕೆಟ್ ಸಡಿಲ.

“ಸೀಟಿನ ಕಬ್ಣಕ್ಕೆ ಕಟ್ಟಿದ್ರೆ ಹಗ್ಗ ಕೊಯ್ದೋಗ್ತೈತೆ,” ಅಂದರು ಬಾವ. “ಈ ವಯರು ನುಣ್ಣಗೂ ಐತೆ, ಗಟ್ಟಿಯಾಗೂ ಐತೆ.”

“ಕುರಿ ಕಟ್ಟೋಕೇಂತ ಕಾರ್ನೋರು ಗೂಟ ಮಡಗಿ ಕೊಟ್ಟವ್ರೆ ಅಂದ್ಕೊಂಡ್ರಾ?” ಅಂದಳು ಅಕ್ಕ. ಸೆಲ್ವಂ ಟಾರ್ಚ್ ಆರಿಸಿ ನಕ್ಕ.

ಗಂಟು ಬಿಚ್ಚಿ, ವಯರು ಎಲ್ಲೂ ಹರಿದಿಲ್ಲವೆಂದು ನೋಡಿ, ಸಾಕೆಟ್ಟನ್ನು ಟಕ್ ಎನ್ನುವವರೆಗೆ ಒತ್ತಿದ. ಬ್ಯಾಟರಿ ಕೂಡಿಸಿ, ಸ್ಕ್ಯಾನರಿನಲ್ಲಿ ಹಳೆಯ ದೂರು ಅಳಿಸಿದ. ಕೀ ತಿರುಗಿಸಿದಾಗ ದೀಪ ಹತ್ತಿತು, ಕೆಲವೇ ಕ್ಷಣಗಳಲ್ಲಿ ಆರಿತು. ಹಾಗೆ ಹತ್ತಿ ಆರಬೇಕು. ಹತ್ತದೇ ಇದ್ದರೂ ತಪ್ಪೇ, ಆರದೇ ಇದ್ದರೂ ತಪ್ಪೇ.

ಮರುದಿನ ಬೆಳಗ್ಗೆ ಕಮಲಾಳ ಸೀಟನ್ನು ಹಿಂದಕ್ಕೆ ಸರಿಸಿದೆವು. ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ಹೊಟ್ಟೆಯ ಕೆಳಗೆ ಬರುವಂತೆ ಅಕ್ಕನೇ ಸರಿಮಾಡಿದಳು. ನಾನು, ಅಕ್ಕ ಹಿಂದೆ. ಬಾವ ಕಾರು ಹೊರಡಿಸಿದರು. ಅವರ ಬೆಲ್ಟ್ ಮಾತ್ರ ಬಾಗಿಲ ಪಕ್ಕದ ಕಂಬಕ್ಕೇ ಒರಗಿಕೊಂಡಿತ್ತು.

“ಅಪ್ಪಾ, ಬೆಲ್ಟ್ ಪೋಡುಪ್ಪಾ, ಹಾಕ್ಕೋ,” ಅಂದಳು ಕಮಲಾ.

“ನಾನು ನಿದಾನ್ಕೇ ಓಗ್ತೀನಲ್ಲ ಮಗಾ.”

“ಮರಿ ತರೋವಾಗ್ಲೂ ನಿದಾನ್ಕೇ ತಾನೇ ಬರ್ತಿದ್ದೆ? ಅದನ್ಯಾಕೆ ಕಟ್ತಿದ್ದೆ?”

“ಬ್ರೇಕ್ ಒತ್ತಿದ್ರೆ ಮುಂದ್ಕೋಗಿ ತಲೆ ಒಡ್ಕೊಂತದೆ ಕಣವ್ವಾ...” ಅಂದ ಬಾವ ಅಲ್ಲಿಗೇ ನಿಲ್ಲಿಸಿ, ಕಾರನ್ನೂ ಪಕ್ಕಕ್ಕೆ ನಿಲ್ಲಿಸಿದರು. ಬೆಲ್ಟ್ ಎಳೆದು ಹಾಕಿಕೊಂಡರು. ಯಾರೂ ನಗಲಿಲ್ಲ. ಘಾಟಿ ಇಳಿದೆವು.

ಕುರಿಮರಿಯ ತಲೆ ಒಡೆದೀತು ಎಂದು ಮುಂದಾಲೋಚಿಸುವ ಮನುಷ್ಯನಿಗೆ, ತನಗೂ ಒಂದು ತಲೆಯಿದೆ ಎಂದು ಮಗಳೇ ಹೇಳಬೇಕೇ?