ಹಿಂದಿನ ಸೀಟಿನಿಂದ ಶುರು

ಅಂಗಡಿಯ ಬೋರ್ಡಿನ ಮೇಲೆ ಏನೇ ಬರೆದಿರಲಿ, ಬೀದಿಗೆಲ್ಲ ಅವರು ನಾಳೆ ಮಾಸ್ಟರು. ಪ್ಯಾಂಟು ಹೊಲಿಯಲು ಕೊಟ್ಟವರು ಯಾವಾಗ ಬಂದು ಕೇಳಿದರೂ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, "ನಾಳೆ ಬನ್ನಿ, ಗುಂಡಿ ಕಾಜಾ ಒಂದು ಬಾಕಿ" ಎನ್ನುವರು. ಸುಳ್ಳೇನೂ ಅಲ್ಲ. ಕಾಜಾ ಬಾಕಿ ಇರುತ್ತಿತ್ತು, ಅದರ ಜೊತೆಗೆ ಪ್ಯಾಂಟೂ ಬಾಕಿ ಇರುತ್ತಿತ್ತು. ಹೊಲಿಗೆಯಲ್ಲಿ ಅವರ ಕೈ ಚುರುಕೇ. ಕತ್ತರಿ ಹಾಕುವುದಕ್ಕೆ ಮಾತ್ರ ಮನಸ್ಸು ಬಾರದು. ಎಲ್ಲಿಂದ ಶುರು ಮಾಡಲಿ ಎಂದು ಬಟ್ಟೆಯ ಮುಂದೆ ಮೀನ ಮೇಷ ಎಣಿಸುತ್ತಾ ಕೂತುಬಿಡುವರು.

ಇಂಥವರು ಗುಜರಿಗೆ ಹೊರಟಿದ್ದ ಮೋಟಾರ್ ಸೈಕಲ್ಲೊಂದನ್ನು ಅಗ್ಗಕ್ಕೆ ಸಿಕ್ಕಿತೆಂದು ತಳ್ಳಿಕೊಂಡು ಬಂದು ಅಂಗಡಿಯ ಪಕ್ಕದ ಶೆಡ್ಡಿನಲ್ಲಿ ನಿಲ್ಲಿಸಿದಾಗ ಬೀದಿಗೆ ಒಳ್ಳೆಯ ಮೋಜು ಸಿಕ್ಕಿತು. ಟ್ಯಾಂಕಿನೊಳಗೆ ತುಕ್ಕು, ಚೈನಿನಲ್ಲಿ ಮಣ್ಣು. ಮುಂದೊಂದು ಹಿಂದೊಂದು ಇದ್ದ ಎರಡು ಸೀಟುಗಳೂ ಹರಿದು ಸ್ಪಂಜು ಹೊರಗೆ ಇಣುಕುತ್ತಿತ್ತು.

"ಇದ್ಯಾಕ್ರೀ?" ಎಂದು ಹೆಂಡತಿ ಕೇಳಿದಳು.

"ಹೊಲಿದ ಬಟ್ಟೇನ ಮನೆ ಮನೆಗೆ ತಲುಪಿಸೋಕೆ."

"ತಲುಪಿಸೋಕೆ ಮುಂಚೆ ಹೊಲೀಬೇಕಲ್ರೀ." ಆಮೇಲೆ ಗಾಡಿಯನ್ನು ಒಂದು ಸುತ್ತು ಹಾಕಿ ಬಂದು, "ನನ್ನನ್ನ ಇದರ ಮೇಲೆ ಕೂರಿಸೋ ಆಸೆ ಏನಾದ್ರೂ ಇದ್ರೆ ಈಗ್ಲೇ ಬಿಟ್ಬಿಡಿ. ನನ್ನ ಕಾಲು ಗಟ್ಟಿಯಾಗೇ ಇದೆ" ಎಂದಳು.

ಮಾಸ್ಟರ ಆಸೆ ಅದೊಂದೇ ಆಗಿತ್ತು. ಆಕೆ ಔಷಧಿ ಅಂಗಡಿಯ ಕೌಂಟರಿನ ಹಿಂದೆ ದಿನವಿಡೀ ನಿಂತು ದುಡಿದು, ಸಂಜೆ ಬಸ್ಸಿಳಿದು ದಿಬ್ಬ ಹತ್ತಿ ಬರಬೇಕು. ಮಾಸ್ಟರ ಹೊಲಿಗೆ ಯಂತ್ರ ಇರುವುದು ದಿಬ್ಬದ ಮೇಲಿನ ಕಿಟಕಿಯಲ್ಲಿ. ದೀಪದ ಕಂಬದ ಹತ್ತಿರ ಆಕೆ ನಿಂತು ಚಪ್ಪಲಿ ಸರಿಮಾಡಿಕೊಳ್ಳುವಳು. ಚಪ್ಪಲಿಗೆ ಏನೂ ಆಗಿರುವುದಿಲ್ಲ. ಹಿಟ್ಟಿನ ಗಿರಣಿಯ ಮುಂದೆ ನಿಂತು ಗಿರಣಿಯವಳನ್ನು ಮಾತಾಡಿಸುವಳು. ಇಬ್ಬರಿಗೂ ಮಾತಾಡಲು ವಿಷಯವೇನೂ ಇರುವುದಿಲ್ಲ. ಮನೆಗೆ ಬಂದ ಮೇಲೆ ಮಂಡಿ ನೋವಾ ಎಂದು ಕೇಳಿದರೆ ಮಾತ್ರ ಆಕೆಗೆ ಸಿಟ್ಟು ನೆತ್ತಿಗೇರುತ್ತಿತ್ತು. ಆಟೋ ಎಂಬ ಮಾತೆತ್ತಿದ ದಿನ ಮಾಸ್ಟರಿಗೆ ಸಿಕ್ಕಿದ್ದು ಬರೀ ಅನ್ನ, ಮಾತಿಲ್ಲ.

ಹೆಂಡತಿಯ ತಮ್ಮ ಮೆಕ್ಯಾನಿಕ್ಕು. ಭಾವನ ಗಾಡಿ ನೋಡಲು ಬಂದವನು ಮೊದಲು ಮನಸಾರೆ ನಕ್ಕ, ಆಮೇಲೆ ಬುದ್ಧಿ ಹೇಳಿದ.

"ಭಾವ, ಮೊದ್ಲು ಇಂಜಿನ್‌ಗೆ ಜೀವ ಇದೆಯಾ ನೋಡಿ. ಕಿಡಿ ಬರುತ್ತಾ, ಪೆಟ್ರೋಲ್ ಇಳಿಯುತ್ತಾ. ಆಮೇಲೆ ಬ್ರೇಕು. ಮಿಕ್ಕಿದ್ದೆಲ್ಲ ಮುಖಕ್ಕೆ ಪೌಡರ್ ಹಚ್ಚಿದ ಹಾಗೆ, ಕೊನೇಗೆ."

ಮಾಸ್ಟರು ತಲೆಯಾಡಿಸಿದರು. ಮರುದಿನ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಗಾಡಿಯ ಮುಂದೆ ಸ್ಟೂಲು ಹಾಕಿ ಕೂತರು. ಟ್ಯಾಂಕು ತೊಳೆಯೋಣವೆಂದರೆ ಪೈಪು ಬಿಚ್ಚಬೇಕು. ಪೈಪು ಬಿಚ್ಚೋಣವೆಂದರೆ ಕ್ಲಿಪ್ಪು ತುಕ್ಕು ಹಿಡಿದಿದೆ. ತುಕ್ಕಿಗೆ ಎಣ್ಣೆ ಬಿಡೋಣವೆಂದರೆ ಹೊಲಿಗೆ ಯಂತ್ರದ ಎಣ್ಣೆ ಖಾಲಿ, ತರಲು ಹೋದರೆ ಅಂಗಡಿ ನೋಡಿಕೊಳ್ಳುವವರಿಲ್ಲ. ಹೀಗೆ ಟ್ಯಾಂಕಿನಿಂದ ಹೊರಟ ಮಾಸ್ಟರು ತಿರುಗಿ ಹೊಲಿಗೆ ಯಂತ್ರಕ್ಕೇ ಬಂದು ಸೇರುತ್ತಿದ್ದರು. ಇನ್ನೊಂದು ದಿನ ಧೈರ್ಯ ಮಾಡಿ ಪ್ಲಗ್ಗನ್ನು ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ, ಏನೂ ತಿಳಿಯದೆ ಒರೆಸಿ ಮತ್ತೆ ಅಲ್ಲೇ ಇಟ್ಟರು. ಹೋಗಿ ಬರುವವರು "ಗಾಡಿ ಯಾವಾಗ ರೆಡಿ ಮಾಸ್ಟರೇ?" ಎಂದು ಕೇಳಿ, ಉತ್ತರವನ್ನೂ ತಾವೇ ಹೇಳಿಕೊಂಡು ನಗುತ್ತಾ ಹೋಗುತ್ತಿದ್ದರು.

ಹೀಗಿರುವಾಗ ಒಂದು ಸಂಜೆ ಆಕೆ ಕಂಬದ ಹತ್ತಿರ ನಿಂತಳು, ಗಿರಣಿಯ ಹತ್ತಿರ ನಿಂತಳು. ಗಿರಣಿ ದಾಟಿ ನಾಲ್ಕು ಹೆಜ್ಜೆ ಹಾಕಿ ಮತ್ತೆ ನಿಂತಳು. ಅಲ್ಲಿ ಕಂಬವಿಲ್ಲ, ಮಾತಾಡಿಸಲು ಯಾರೂ ಇಲ್ಲ, ನಿಲ್ಲಲು ಒಂದು ನೆಪವೂ ಇಲ್ಲ. ಬರೀ ಗೋಡೆ. ಗೋಡೆಗೆ ಕೈಯೂರಿ ನಿಂತೇ ಇದ್ದಳು. ಕಿಟಕಿಯಲ್ಲಿದ್ದ ಮಾಸ್ಟರು ಹೊಲಿಗೆ ಯಂತ್ರ ನಿಲ್ಲಿಸಿದರು. ಓಡಿ ಹೋಗಿ ಕೈ ಹಿಡಿಯಬೇಕೆನಿಸಿತು, ಹೋದರೆ ಆಕೆಗೆ ಅವಮಾನವೆಂದು ಸುಮ್ಮನಾದರು.

ಮರುದಿನ ಬೆಳಿಗ್ಗೆ ಅವರು ಇಂಜಿನ್ನಿಗೆ ಕೈ ಹಾಕಲಿಲ್ಲ. ಹಿಂದಿನ ಸೀಟು ಬಿಚ್ಚಿಕೊಂಡು ಬಂದು ಹೊಲಿಗೆ ಯಂತ್ರದ ಪಕ್ಕದಲ್ಲಿಟ್ಟುಕೊಂಡು, ದಪ್ಪ ರೆಕ್ಸಿನ್ನಿಗೆ ಸೀದಾ ಕತ್ತರಿ ಹಾಕಿದರು. ಟೇಪು ಕೊರಳಲ್ಲೇ ಉಳಿಯಿತು. ಮದುವೆಯಾದಾಗಿನಿಂದ ಆಕೆಯ ಬಟ್ಟೆಯೆಲ್ಲ ಹೊಲಿದವರು ಅವರೇ, ಅಳತೆ ಕೈಗೇ ಗೊತ್ತಿತ್ತು. ಸ್ಪಂಜಿನ ಮೇಲೆ ಸ್ಪಂಜಿಟ್ಟರು. ತೊಡೆಗೆ ಒತ್ತದಂತೆ ಅಂಚನ್ನು ಇಳಿಜಾರು ಮಾಡಿದರು. ಗಿರಾಕಿಗಳಾರಿಗೂ ಹಾಕದ ಎರಡೆಳೆ ಹೊಲಿಗೆ ಹಾಕಿದರು. ಸಂಜೆಯಾಗುವಷ್ಟರಲ್ಲಿ ಮುಗಿಯಿತು.

ಸೀಟು ಗಾಡಿಯ ಮೇಲೆ ಕೂತ ಹೊತ್ತಿಗೆ ಭಾವಮೈದುನ ಬಂದ. ಹಿಂದೆಯೇ ಆಕೆಯೂ ದಿಬ್ಬ ಹತ್ತಿ ಬಂದಳು.

"ಅಕ್ಕ, ಇಲ್ಲಿ ನೋಡು. ಇಂಜಿನ್ ಹೆಣದ ಹಾಗೆ ಬಿದ್ದಿದೆ, ಭಾವ ಸಿಂಹಾಸನ ಹೊಲಿದು ಕೂರಿಸಿದ್ದಾರೆ."

ಆಕೆ ಸೀಟನ್ನು ಬೆರಳಿನಿಂದ ಒತ್ತಿದಳು. ಅಂಚು ಮಡಿಸಿ ಒಳಗಿನ ಹೊಲಿಗೆ ನೋಡಿದಳು. ಟೈಲರನ ಹೆಂಡತಿಗೆ ಹೊಲಿಗೆ ಓದಲು ಯಾರೂ ಕಲಿಸಬೇಕಿಲ್ಲ. ಮುಂದಿನ ಸೀಟಿನಲ್ಲಿ ಹರಿದ ಸ್ಪಂಜು ಹಾಗೇ ಇತ್ತು.

"ಬಟ್ಟೆ ತಲುಪಿಸೋಕೆ ಗಾಡಿ ಅಂದ್ರಿ. ಬಟ್ಟೆ ಗಂಟಿಗೆ ಇಷ್ಟು ಮೆತ್ತಗಿನ ಸೀಟಾ?"

"ಇಸ್ತ್ರಿ ಕೆಡಬಾರದಲ್ಲ" ಎಂದರು ಮಾಸ್ಟರು.

ಭಾವಮೈದುನ ಮುಖ ತಿರುಗಿಸಿಕೊಂಡು ನಗು ನುಂಗಿದ. ಆಕೆ ನಗಲಿಲ್ಲ. ಕೈಚೀಲವನ್ನು ತಮ್ಮನ ಕೈಗೆ ಕೊಟ್ಟು, "ಹ್ಯಾಂಡಲ್ ಗಟ್ಟಿಯಾಗಿ ಹಿಡ್ಕೊಳ್ಳೋ" ಎಂದಳು. ಗಂಡನ ಭುಜಕ್ಕೆ ಕೈ ಊರಿ ಸೀಟಿನ ಮೇಲೆ ಒಂದೇ ಕಡೆ ಕಾಲು ಹಾಕಿ ಕೂತಳು. ಮಾಸ್ಟರ ಎದೆ ಉಬ್ಬಿತು. ಮರುಕ್ಷಣವೇ ಆಕೆಯ ಮುಖ ಕಿವುಚಿತು. ಕಾಲೂರಲು ಏನೂ ಇರಲಿಲ್ಲ. ಆ ಕಡೆಯ ಫುಟ್‌ರೆಸ್ಟ್ ಮುರಿದು ಯಾವ ಕಾಲವಾಗಿತ್ತೋ, ಮಂಡಿಯ ಕೆಳಗೆ ಕಾಲು ಭಾರವಾಗಿ ಜೋಲುತ್ತಿತ್ತು. ಸೊಂಟದ ಅಳತೆ ತಪ್ಪದ ಮಾಸ್ಟರಿಗೆ ಕಾಲೇ ಮರೆತುಹೋಗಿತ್ತು.

ಅವರು ನೆಲದ ಮೇಲೆ ಕೂತು, ಆಕೆಯ ಪಾದದ ಕೆಳಗೆ ಅಂಗೈ ಇಟ್ಟು ಮೆಲ್ಲಗೆ ಮೇಲೆತ್ತಿದರು.

"ಇಷ್ಟು?"

"ಇನ್ನೂ ಸ್ವಲ್ಪ ಮೇಲೆ."

"ಇಲ್ಲಿ?"

ಆಕೆ ಕಣ್ಣು ಮುಚ್ಚಿದಳು. "ಹಾಂ, ಅಲ್ಲೇ. ಅಲ್ಲಿ ಮಂಡಿ ನೋಯಲ್ಲ."

ಮಾಸ್ಟರು ಕೈ ಅಲುಗಿಸಲಿಲ್ಲ. ಕೊರಳಿನ ಟೇಪನ್ನು ಇನ್ನೊಂದು ಕೈಯಲ್ಲಿ ತೆಗೆದು ಭಾವಮೈದುನನತ್ತ ಚಾಚಿ, ನೆಲದಿಂದ ತಮ್ಮ ಅಂಗೈವರೆಗೆ ಅಳತೆ ತೆಗೆದುಕೋ ಎಂದು ಕಣ್ಣಿನಲ್ಲೇ ಹೇಳಿದರು.